ಸಾಮ್ರಾಜ್ಯದ ಶಾನುಭೋಗಿಕೆ

ಗ್ರ್ಯಾಂಡ್ ಸ್ಟ್ರಾಟಜಿ ಎನ್ನುವುದು ಕಂಪ್ಯೂಟರ್ ಆಟಗಳ ಒಂದು ಪ್ರಭೇದ. ಇದರಲ್ಲಿ ಆಟಗಾರನಿಗೆ ಒಂದು ದೇಶವನ್ನು ಅದರ ಖಜಾನೆ, ಸೈನ್ಯ, ಕಾನೂನು, ಪ್ರಜೆಗಳ ಸಮೇತ ನೂರಾರು ವರ್ಷಗಳ ಮಟ್ಟಿಗೆ ಒಪ್ಪಿಸಿಕೊಡಲಾಗುತ್ತದೆ. ಆತ ಚುನಾವಣೆ ಗೆದ್ದಿರಬೇಕಿಲ್ಲ, ಅರಮನೆಯಲ್ಲಿ ಹುಟ್ಟಿರಬೇಕಿಲ್ಲ; ಮನೆಯವರೆಲ್ಲ ಮಲಗಿದ್ದರೆ ಸಾಕು. ರಾಜನಾಗುವ ಆಸೆಯಿಂದ ಒಳಹೊಕ್ಕವನು ಸ್ವಲ್ಪ ಹೊತ್ತಿನಲ್ಲೇ ತನ್ನ ಸಾಮ್ರಾಜ್ಯದ ಶಾನುಭೋಗನಾಗಿ ಕೂತಿರುತ್ತಾನೆ: ಯಾವ ಪ್ರಾಂತದಲ್ಲಿ ಎಷ್ಟು ಕಲ್ಲಿದ್ದಲು, ಯಾವ ಕಚೇರಿಯ ಗುಮಾಸ್ತರಿಗೆ ಎಷ್ಟು ಸಂಬಳ, ಗಾಜಿನ ಧಾರಣೆ ಎಷ್ಟಕ್ಕೆ ಏರಿದೆ. ಯುದ್ಧ ಮಾಡಲು ಬಂದವನಿಗೆ ಈ ಲೆಕ್ಕ ಬರೆಯುವ ಕೆಲಸವೇ ಯುದ್ಧಕ್ಕಿಂತ ರುಚಿಸತೊಡಗುವುದು ಈ ಪ್ರಭೇದದ ಮುಖ್ಯ ಲಕ್ಷಣ. ಆ ರುಚಿ ಏನೆಂದು ಹೊರಗಿನವರಿಗೆ ಹೇಳಲಾಗದೆ ತಡವರಿಸುವುದು ಎರಡನೆಯ ಲಕ್ಷಣ.

ಇದರ ಮೂಲ ಇರುವುದು ಹಲಗೆ ಮತ್ತು ಕಾಗದದಲ್ಲಿ. ಫಿಲಿಪ್ ತಿಬೊ ಎಂಬ ಫ್ರೆಂಚ್ ವಿನ್ಯಾಸಕ 1993ರಲ್ಲಿ 'ಯೂರೋಪಾ ಯೂನಿವರ್ಸಾಲಿಸ್' ಎಂಬ ಬೋರ್ಡ್ ಗೇಮ್ ಹೊರತಂದ. ಸ್ಟಾಕ್‌ಹೋಮ್‌ನ ಪ್ಯಾರಡಾಕ್ಸ್ ಸಂಸ್ಥೆ 2000ದಲ್ಲಿ ಅದನ್ನು ಕಂಪ್ಯೂಟರಿಗೆ ಇಳಿಸಿತು. ಕೂಡುವ ಕಳೆಯುವ ಕೆಲಸ ಯಂತ್ರದ ಪಾಲಿಗೆ ಹೋಯಿತು, ಚಿಂತೆ ಮನುಷ್ಯನ ಪಾಲಿಗೇ ಉಳಿಯಿತು. ಮುಂದೆ ಹುಟ್ಟಿದ ಸರಣಿಗಳು ಇತಿಹಾಸವನ್ನು ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಂಡಂತೆ ಹಂಚಿಕೊಂಡವು. ಮಧ್ಯಯುಗವನ್ನು ಪಡೆದ 'ಕ್ರುಸೇಡರ್ ಕಿಂಗ್ಸ್'ನಲ್ಲಿ ರಾಜಕೀಯವೆಂದರೆ ಬಹುಮಟ್ಟಿಗೆ ಹೆಣ್ಣು ಕೊಡುವುದು, ಹೆಣ್ಣು ತರುವುದು. ಅದರ ಎರಡನೆಯ ಆವೃತ್ತಿಯಲ್ಲಿ (2012) ತಲೆಕೆಟ್ಟ ದೊರೆಯೊಬ್ಬ ಗ್ಲಿಟರ್‌ಹೂಫ್ ಎಂಬ ಕುದುರೆಯನ್ನು ಮಂತ್ರಿಯನ್ನಾಗಿ ನೇಮಿಸಬಹುದು. ನೇಮಕ ಸಿಂಧುವೇ ಆಗಿರುತ್ತದೆ.

'ಯೂರೋಪಾ ಯೂನಿವರ್ಸಾಲಿಸ್'ನ ನಾಲ್ಕನೆಯ ಆವೃತ್ತಿ (2013) ಆರಂಭವಾಗುವುದು 1444ರ ನವೆಂಬರ್ 11ರಂದು. ಹಿಂದಿನ ದಿನವಷ್ಟೇ ವಾರ್ನಾ ಕದನದಲ್ಲಿ ಪೋಲೆಂಡ್ ಮತ್ತು ಹಂಗೆರಿಯ ದೊರೆ ತುರ್ಕರ ಎದುರು ಸತ್ತಿರುತ್ತಾನೆ. ವಾರ್ನಾಕ್ಕೂ ಹಂಪಿಗೂ ಯಾವ ನಂಟೂ ಇಲ್ಲ. ಆದರೂ ಎರಡನೆಯ ದೇವರಾಯನ ಗಡಿಯಾರ ಓಡತೊಡಗುವುದು ಅದೇ ಬೆಳಗ್ಗೆ. ವಿಜಯನಗರವನ್ನು ಆರಿಸಿಕೊಂಡ ಕನ್ನಡದ ಆಟಗಾರನಿಗೆ ಮೊದಲ ಅರ್ಧ ಗಂಟೆ ರೋಮಾಂಚನ. ಬಹಮನಿಯರನ್ನು ಹಿಮ್ಮೆಟ್ಟಿಸುವುದು, 1565ರ ರಕ್ಕಸತಂಗಡಿಯನ್ನು ಇತಿಹಾಸದಿಂದಲೇ ಅಳಿಸಿಹಾಕುವುದು, ಇತ್ಯಾದಿ. ಆಡಳಿತ, ರಾಜತಂತ್ರ, ಸೇನೆ ಎಂಬ ಮೂರು ಬಗೆಯ ಅಂಕಗಳಲ್ಲಿ ರಾಜ್ಯಭಾರ ನಡೆಯುತ್ತದೆ. ದೊರೆಯ ಬುದ್ಧಿಯನ್ನು ಸೊನ್ನೆಯಿಂದ ಆರರವರೆಗೆ ಅಳೆದಿರುತ್ತಾರೆ. ಯುವರಾಜ ಮೂರೂ ವಿಷಯದಲ್ಲಿ ಸೊನ್ನೆಯಾದರೆ, ನೊಣವನ್ನೂ ಹೊಡೆಯದ ಗೃಹಸ್ಥನೊಬ್ಬ ಆ ಹುಡುಗ ಬೇಟೆಗೆ ಹೋಗಿ ಹಿಂತಿರುಗದಿರಲಿ ಎಂದು ಮನಸ್ಸಿನಲ್ಲೇ ಹರಕೆ ಹೊರುತ್ತಾನೆ. ಆಕಾಶದಲ್ಲಿ ಧೂಮಕೇತು ಕಂಡರೆ ರಾಜ್ಯದ ಸ್ಥಿರತೆ ಒಂದು ಅಂಕ ಕುಸಿಯುತ್ತದೆ. ಆಗ ಆಟ ಹಲವು ಉತ್ತರಗಳನ್ನು ಮುಂದಿಟ್ಟು ಆರಿಸಿಕೊಳ್ಳಲು ಹೇಳುತ್ತದೆ. ಯಾವುದನ್ನು ಆರಿಸಿದರೂ ಅಂಕ ಹೋಗುತ್ತದೆ. ಪ್ರಜಾಪ್ರತಿನಿಧಿಗಳ ಅಭಿಪ್ರಾಯ ಸಂಗ್ರಹಣೆಯನ್ನು ಇಷ್ಟು ನಿಖರವಾಗಿ ತೋರಿಸಿದ ಆಟ ಇನ್ನೊಂದಿಲ್ಲ.

ಈ ಆವೃತ್ತಿಯ ವ್ಯಾಪಾರದ ವ್ಯವಸ್ಥೆ ಮಾತ್ರ ನಗುವ ವಿಷಯವಲ್ಲ. ಭೂಪಟದ ಮೇಲೆ ವ್ಯಾಪಾರದ ಕೇಂದ್ರಗಳಿವೆ, ಅವುಗಳ ನಡುವೆ ಬಾಣಗಳಿವೆ. ಬಾಣಗಳ ದಿಕ್ಕನ್ನು ತಿರುಗಿಸಲು ಯಾರಿಗೂ ಆಗದು. ಹಣ ಕೊನೆಗೆ ಬಂದು ನಿಲ್ಲುವುದು ಮೂರೇ ಕಡೆ: ವೆನಿಸ್, ಜಿನೋವಾ, ಇಂಗ್ಲಿಷ್ ಕಡಲ್ಗಾಲುವೆ. ಹಿಮಾಲಯದಿಂದ ಸಿಂಹಳದವರೆಗೆ ಗೆದ್ದ ವಿಜಯನಗರವೂ ಯೂರೋಪಿನ ಹಣವನ್ನು ಹಂಪಿಯ ಕಡೆಗೆ ಹರಿಸಲಾರದು. ಬೇಕಾದರೆ ಲಂಡನ್ನಿಗೇ ಹೋಗಿ, ಅದನ್ನು ಗೆದ್ದು, ಅಲ್ಲಿ ಕೂತು ಎಣಿಸಿಕೊಳ್ಳಬಹುದು. ಜಗತ್ತಿನ ಹಣ ಯೂರೋಪಿಗೆ ಹರಿಯುವುದೆಂಬ, 1444ರಲ್ಲಿ ಇನ್ನೂ ಆಗಿರದ ಸಂಗತಿಯನ್ನು ಆಗಿಯೇ ತೀರಬೇಕಾದ ಸಂಗತಿಯೆಂದು ಪ್ರೋಗ್ರಾಮಿನಲ್ಲಿ ಬರೆದಿಟ್ಟದ್ದು ಆ ಆಟದ ದೊಡ್ಡ ದೋಷ.

ಲೆಕ್ಕದ ಹುಚ್ಚು ಪರಾಕಾಷ್ಠೆಗೆ ಹೋಗಿರುವುದು 'ವಿಕ್ಟೋರಿಯಾ' ಸರಣಿಯಲ್ಲಿ. ಆಟ ಹಿಡಿದಿರುವ ಕಾಲ 1836ರಿಂದ 1936. ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ, ತೀರಿಕೊಂಡದ್ದು 1901ರಲ್ಲಿ. ಹೀಗಾಗಿ ಆಟದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ಸಿಂಹಾಸನ ಶೀರ್ಷಿಕೆಯ ರಾಣಿಯಿಲ್ಲದೆಯೇ ಇರುತ್ತದೆ. 2010ರ ಎರಡನೆಯ ಆವೃತ್ತಿಯಲ್ಲಿ ಮುಕ್ತ ಮಾರುಕಟ್ಟೆಯ ಪಕ್ಷ ಅಧಿಕಾರಕ್ಕೆ ಬಂದರೆ ಸರ್ಕಾರ ಒಂದು ಕಾರ್ಖಾನೆಯನ್ನೂ ಕಟ್ಟುವಂತಿಲ್ಲ; ಬಂಡವಾಳಗಾರರೇ ಕಟ್ಟಬೇಕು. ಅವರು ಕಟ್ಟುತ್ತಾರೆ ಕೂಡ. ದೇಶಕ್ಕೆ ಉಕ್ಕು ಬೇಕಾದಾಗ ಮದ್ಯದ ಕಾರ್ಖಾನೆ, ಮದ್ಯ ಹೆಚ್ಚಾಗಿ ಅದು ಮುಚ್ಚಿದಾಗ ಪಕ್ಕದಲ್ಲೇ ಇನ್ನೊಂದು. ಕಣ್ಣೆದುರು ಇದನ್ನೆಲ್ಲ ನೋಡುತ್ತ ಕೈಕಟ್ಟಿ ಕೂತ ಆಟಗಾರ ಎಡಕ್ಕೆ ವಾಲುವುದು ಸಹಜ. ಹೊಸ ಹಣ ಆ ಲೋಕಕ್ಕೆ ಬರುತ್ತಿದ್ದದ್ದು ಚಿನ್ನದ ಗಣಿಗಳಿಂದ ಮಾತ್ರ. ಸರ್ಕಾರಗಳು ಅದನ್ನು ಖಜಾನೆಯಲ್ಲಿ ಕೂಡಿಡುತ್ತ ಹೋದಂತೆ ಕೊನೆಯ ದಶಕಗಳಲ್ಲಿ ಸರಕು ರಾಶಿಬಿದ್ದಿದ್ದರೂ ಕೊಳ್ಳುವವರ ಕೈಯಲ್ಲಿ ಕಾಸಿಲ್ಲದೆ ಜಗತ್ತಿನ ವ್ಯಾಪಾರವೇ ಕಟ್ಟಿಕೊಳ್ಳುತ್ತಿತ್ತು.

2022ರ ಅಕ್ಟೋಬರ್ 25ರಂದು ಬಂದ 'ವಿಕ್ಟೋರಿಯಾ 3' ಈ ಕೊರತೆಗಳನ್ನು ಸರಿಪಡಿಸಿ ಹೊಸ ಸಂಕಟಗಳನ್ನು ಒದಗಿಸಿತು. ಇದರಲ್ಲಿ ದಾಸ್ತಾನು ಎಂಬುದಿಲ್ಲ. ಕೊಳ್ಳುವ ಬೇಡಿಕೆ, ಮಾರುವ ಪೂರೈಕೆ ಇವೆರಡರ ತೂಕದಿಂದ ಪ್ರತಿ ಸರಕಿನ ಧಾರಣೆ ಮೂಲಬೆಲೆಯಿಂದ ನೂರಕ್ಕೆ 75ರಷ್ಟು ಮೇಲೆ ಅಥವಾ ಕೆಳಗೆ ಹೋಗಬಹುದು. ಮರದ ಮೂಲಬೆಲೆ 20 ಪೌಂಡ್. ಬರ ಬಂದರೆ 35.

ಮರದ ವಿಷಯವನ್ನು ಬಿಡಿಸಿ ಹೇಳಬೇಕು. ಹೊಸಬರು ಸಾಮಾನ್ಯವಾಗಿ ಆರಿಸಿಕೊಳ್ಳುವ ದೇಶಗಳಲ್ಲಿ ಬೆಲ್ಜಿಯಂ ಒಂದು. 1830ರಲ್ಲಿ ಸ್ವತಂತ್ರವಾಗಿ, 1835ರಲ್ಲೇ ಬ್ರಸೆಲ್ಸ್‌ನಿಂದ ಮೆಕೆಲೆನ್‌ಗೆ ರೈಲು ಬಿಟ್ಟ ಚುರುಕಿನ ದೇಶ. ವಲೋನಿಯಾದ ನೆಲದಲ್ಲಿ ಕಬ್ಬಿಣ, ಕಲ್ಲಿದ್ದಲು ಬೇಕಾದಷ್ಟು. ಕಾಡು ಕಡಿಮೆ. ಲಿಯೊಪೋಲ್ಡ್ ದೊರೆಯ ಹೆಸರಿನಲ್ಲಿ ಆಟಗಾರ ಉತ್ಸಾಹದಿಂದ ಕಾರ್ಖಾನೆ ಕಟ್ಟಿಸಲು ತೊಡಗುತ್ತಾನೆ. ಕಟ್ಟಲು ಮರ ಬೇಕು. ಮರದ ಬೆಲೆ ಏರುತ್ತದೆ. ಪರಿಹಾರ ಸರಳವಾಗಿದೆ, ಮರ ಕಡಿಯುವ ಶಿಬಿರ ಕಟ್ಟಿದರಾಯಿತು. ಶಿಬಿರ ಕಟ್ಟಲೂ ಮರವೇ ಬೇಕು. ಬೆಲೆ ಇನ್ನಷ್ಟು ಏರುತ್ತದೆ. ಇರುವ ಶಿಬಿರದಲ್ಲೇ ಹೆಚ್ಚು ಮರ ಕೊಯ್ಯಲು ಗರಗಸದ ಮಿಲ್ಲು ಹಾಕಬಹುದು. ಅದಕ್ಕೆ ಉಪಕರಣ ಬೇಕು. ಉಪಕರಣದ ಕಾರ್ಖಾನೆಗೆ ಬೇಕಾದ ಕಚ್ಚಾವಸ್ತು ಮರ. ಇಲ್ಲಿಗೆ ಆಟಗಾರ ಸ್ಪೇಸ್ ಬಾರ್ ಒತ್ತಿ ಕಾಲವನ್ನು ನಿಲ್ಲಿಸುತ್ತಾನೆ. ಇಡೀ ಯೂರೋಪು ಉಸಿರು ಹಿಡಿದು ನಿಲ್ಲುತ್ತದೆ. ಸರಿ, ಹೊರಗಿನಿಂದ ತರಿಸೋಣ. ಸ್ವೀಡನ್ನಿನಲ್ಲಿ ಕಾಡಿಗೇನು ಕೊರತೆ? 2025ರಲ್ಲಿ ವ್ಯಾಪಾರದ ನಿಯಮ ಬದಲಾಗುವವರೆಗೂ ಕಡಲಾಚೆಯಿಂದ ಸರಕು ತರಿಸಲು ಎರಡು ಬೇಕಿದ್ದವು: ಹಡಗುಗಳು ಮತ್ತು ಅಧಿಕಾರಿಗಳು. ಹಡಗು ಮರದ್ದು. ಅಧಿಕಾರಿಗಳಿಗೆ ಕಚೇರಿ ಬೇಕು, ಕಚೇರಿಗೆ ಕಾಗದ ಬೇಕು, ಕಾಗದದ ಗಿರಣಿ ನುಂಗುವುದು ಮರವನ್ನು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಹತ್ತೊಂಬತ್ತನೆಯ ಶತಮಾನದ ಬೆಲ್ಜಿಯಂ ಹೀಗೆ ಸಂಪೂರ್ಣವಾಗಿ ಜಾರಿಗೆ ತರುತ್ತದೆ.

ಇಷ್ಟರಲ್ಲಿ ಚಳಿಗಾಲ. ಬಡವರು ಮೈ ಕಾಯಿಸಿಕೊಳ್ಳಲು ಉರಿಸುವುದೂ ಮರವನ್ನೇ. ಶ್ರೀಮಂತರಿಗೆ ಪೀಠೋಪಕರಣ ಬೇಕು. ಪೀಠೋಪಕರಣದ ಕಾರ್ಖಾನೆ ಮರವಿಲ್ಲದೆ ಕೂಲಿಯವರನ್ನು ಮನೆಗೆ ಕಳಿಸುತ್ತದೆ; ಕೂಲಿ ಹೋದವರು ಸಿಟ್ಟಾಗುತ್ತಾರೆ; ಸಿಟ್ಟಾದವರ ಸಂಖ್ಯೆಯನ್ನು ಆಟ ಒಂದು ಪಟ್ಟಿಯಲ್ಲಿ ನಮೂದಿಸುತ್ತದೆ. ಫ್ಲಾಂಡರ್ಸ್‌ನ ಗೃಹಿಣಿಯರಿಗೆ ಅಗ್ಗದ ಮೇಜು ಸಿಗಲೇಬೇಕೆಂದು ಬೆಳಗಿನ ಜಾವದವರೆಗೆ ಹೋರಾಡುವ ಆಟಗಾರ ಸ್ವತಃ ಕೂತಿರುವುದು ಕಾಲು ಅಲುಗಾಡುವ ಕುರ್ಚಿಯ ಮೇಲೆ. ಅದಕ್ಕೊಂದು ಮೊಳೆ ಹೊಡೆಸಲು ಮನೆಯವರು ಹೇಳುತ್ತಲೇ ಇರುತ್ತಾರೆ. ಮೊಳೆಯ ಕೆಲಸ ಸ್ಥಳೀಯ ಆಡಳಿತಕ್ಕೆ ಸೇರಿದ್ದು ಎಂಬುದು ಆತನ ನಿಲುವು. ಕೊನೆಗೆ ಬಿಕ್ಕಟ್ಟು ಬಗೆಹರಿಯುವುದು ಮೇಧಾವಿತನದಿಂದಲ್ಲ. ಎಲ್ಲ ನಿರ್ಮಾಣವನ್ನೂ ನಿಲ್ಲಿಸಿ ಸುಮ್ಮನೆ ಕೂತರೆ ಧಾರಣೆ ತಾನಾಗಿ ಇಳಿಯುತ್ತದೆ. 20 ಪೌಂಡಿಗೆ ಇಳಿದ ಮರವನ್ನು ನೋಡುವಾಗ ಆಗುವ ಆನಂದವನ್ನು ನೋಬೆಲ್ ಪಡೆದವರಿಗೂ ಅರ್ಥಶಾಸ್ತ್ರ ಕೊಟ್ಟಿರಲಾರದು.

ರಾಜಕೀಯ ಈ ಆಟದಲ್ಲಿ ಹಣದ ಬೆನ್ನಿಗೇ ಬರುತ್ತದೆ. ಜಮೀನ್ದಾರರು, ಕೈಗಾರಿಕೋದ್ಯಮಿಗಳು, ಬುದ್ಧಿಜೀವಿಗಳು, ಸೇನೆ, ಧರ್ಮನಿಷ್ಠರು, ಸಣ್ಣ ವ್ಯಾಪಾರಿಗಳು, ರೈತಾಪಿ ಜನ, ಕಾರ್ಮಿಕ ಸಂಘಗಳು ಎಂದು ಎಂಟು ಗುಂಪುಗಳು. ಯಾರ ಬಳಿ ಸಂಪತ್ತು ಮತ್ತು ಮತ ಹೆಚ್ಚೋ ಅವರ ಮಾತಿಗೆ ತೂಕ ಹೆಚ್ಚು. ರಷ್ಯಾವನ್ನು ಹಿಡಿದವನಿಗೆ ಜೀತದ ಕಾನೂನನ್ನು ತೆಗೆಯಬೇಕೆನಿಸುತ್ತದೆ. ನಿಜವಾದ ರಷ್ಯಾದಲ್ಲಿ ಎರಡನೆಯ ಅಲೆಕ್ಸಾಂಡರ್ ಅದನ್ನು ತೆಗೆದದ್ದು 1861ರಲ್ಲಿ. ಜಮೀನ್ದಾರರು ಒಪ್ಪುವುದಿಲ್ಲ. ಒಪ್ಪಿಸುವ ದಾರಿ ಭಾಷಣವಲ್ಲ, ಕಾರ್ಖಾನೆ. ಕಾರ್ಖಾನೆ ಎದ್ದರೆ ಉದ್ಯಮಿಗಳ ಕೈಗೆ ಹಣ ಬರುತ್ತದೆ, ಅವರ ತೂಕ ಏರುತ್ತದೆ, ಜಮೀನ್ದಾರರದು ಇಳಿಯುತ್ತದೆ, ಆಮೇಲೆ ಮಸೂದೆ ಮಂಡಿಸಬಹುದು. ಮಾರ್ಕ್ಸ್‌ನ ಒಂದು ಪುಟವನ್ನೂ ತೆರೆಯದ ಹುಡುಗರು ಉತ್ಪಾದನಾ ಸಂಬಂಧಗಳ ಬಗ್ಗೆ ಲೀಲಾಜಾಲವಾಗಿ ಮಾತಾಡುವುದಕ್ಕೆ ಈ ಆಟ ಕಾರಣ. ಮಸೂದೆ ಮಂಡಿಸಿದ ಮೇಲೂ ಕೆಲಸ ಮುಗಿಯದು. ಹಲವು ತಿಂಗಳಿಗೊಮ್ಮೆ ದಾಳ ಉರುಳುತ್ತದೆ: ಅಂಗೀಕಾರ, ಮುನ್ನಡೆ, ಚರ್ಚೆ ಅಥವಾ ತಡೆ. ಜಮೀನ್ದಾರರು ತೀರ ಕೆರಳಿದರೆ ಅಂತರ್ಯುದ್ಧ. ಯುದ್ಧದ ಭಾಗ ಈ ಆಟದಲ್ಲಿ ಸಪ್ಪೆ. ದಂಡನಾಯಕನನ್ನು ಗಡಿಗೆ ಕಳಿಸಿ ಕಾಯುವುದಷ್ಟೇ.

ಇಲ್ಲಿ ಒಂದು ವರ್ಗದ ಆಟಗಾರರ ಬಗ್ಗೆ ಹೇಳದೆ ಇರಲಾಗದು. ಎರಡು ವಾರ ಈ ಆಟ ಆಡಿ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದವರ ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ ದೇಶದ ವಿತ್ತೀಯ ಕೊರತೆಗೆ ಪರಿಹಾರ ಹೇಳುವವರು ಇವರು. ತೆರಿಗೆ ಇಳಿಸಿ, ಕಾರ್ಖಾನೆ ಏರಿಸಿ, ಐದನೆಯ ವೇಗದಲ್ಲಿ ಬಿಡಿ ಎನ್ನುತ್ತಾರೆ. ಕಾಲದ ವೇಗಕ್ಕೆ ಐದು ಹಂತಗಳಿರುವುದು ಆಟದಲ್ಲಿ ಮಾತ್ರ ಎಂಬುದು ಅವರಿಗೆ ಮರೆತಿರುತ್ತದೆ. ಇಂಥವರಿಗೆ ಹೋಳಿಗೆಯ ಮೇಲೆ ತುಪ್ಪ ಬಡಿಸಬಾರದು.

ಈ ಲೆಕ್ಕದಲ್ಲಿ ಕಾಣದೆ ಹೋಗುವ ಸಂಗತಿಗಳೂ ಇವೆ. ಪ್ರಜೆಗಳು ಇಲ್ಲಿ ಕಸುಬು, ಸಂಸ್ಕೃತಿ, ಧರ್ಮದ ಪ್ರಕಾರ ಕಟ್ಟಿದ ಗುಂಪುಗಳು. ಅವರ ಬದುಕಿನ ಮಟ್ಟ ಒಂದು ಅಂಕಿ. ಬ್ರಿಟನ್ನನ್ನು ಆಡುವವನು ಭಾರತದಿಂದ ಧಾನ್ಯ ತರಿಸಿದರೆ ಲಂಡನ್ನಿನ ಧಾರಣೆ ಇಳಿದು ಅಂಕಿ ಹಸಿರಾಗುತ್ತದೆ. 1876ರಿಂದ 78ರ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನಕ್ಕೆ ಏನಾಯಿತೆಂಬುದು ಜನಗಣತಿಯಲ್ಲಿದೆ. 1871ರಲ್ಲಿ ಸುಮಾರು 50 ಲಕ್ಷ ಜನ, 1881ರಲ್ಲಿ 42 ಲಕ್ಷ. ಆ ವರ್ಷಗಳಲ್ಲೂ ಭಾರತದ ಗೋಧಿ ಇಂಗ್ಲೆಂಡಿಗೆ ಹಡಗು ಹತ್ತುತ್ತಲೇ ಇತ್ತು. 2024ರ ನವೆಂಬರಿನಲ್ಲಿ ಭಾರತವನ್ನೇ ವಸ್ತುವಾಗಿಸಿಕೊಂಡ 'ಪಿವಟ್ ಆಫ್ ಎಂಪೈರ್' ಎಂಬ ವಿಸ್ತರಣೆ ಬಂದಿದೆ. ಅದನ್ನು ಹಾಕಿಕೊಂಡು ಆಡಿದರೂ ಬ್ರಿಟನ್ನಿನ ಕುರ್ಚಿಯಲ್ಲಿ ಕೂತವನಿಗೆ ಮೊದಲು ಕಣ್ಣಿಗೆ ಬೀಳುವುದು ಹಸಿರು ಅಂಕಿಯೇ. ಹತ್ತೊಂಬತ್ತನೆಯ ಶತಮಾನದ ಕಲ್ಕತ್ತೆಯ ಸೆಕ್ರೆಟರಿಯೇಟಿನಲ್ಲಿ ಕೂತವರಿಗೂ ಬಹುಶಃ ಹಾಗೆಯೇ ಕಂಡಿತ್ತು. ಆ ಮಟ್ಟಿಗೆ ಇದು ಅನುಕರಣೆಯೆಂದರೆ ಅನುಕರಣೆಯೇ.

'ವಿಕ್ಟೋರಿಯಾ 3' 1936ರ ಜನವರಿ 1ಕ್ಕೆ ಮುಗಿಯುತ್ತದೆ. ಮುಗಿಸಲು ಮನಸ್ಸಿಲ್ಲದವರಿಗಾಗಿ ಒಂದು ಆಟದ ಜಗತ್ತನ್ನು ಮುಂದಿನ ಆಟಕ್ಕೆ ದಾಟಿಸುವ ಪರಿವರ್ತಕಗಳನ್ನು ಹವ್ಯಾಸಿಗಳು ಬರೆದಿಟ್ಟಿದ್ದಾರೆ. 'ಕ್ರುಸೇಡರ್ ಕಿಂಗ್ಸ್'ನ 867ರಲ್ಲಿ ಹಿಡಿದ ಒಂದು ಮನೆತನವನ್ನು ಎರಡನೆಯ ಮಹಾಯುದ್ಧದವರೆಗೆ ಎಳೆದೊಯ್ಯಬಹುದು. 'ಯೂರೋಪಾ ಯೂನಿವರ್ಸಾಲಿಸ್ 4' ನಿಲ್ಲುವುದು 1821ರಲ್ಲಿ, 'ವಿಕ್ಟೋರಿಯಾ' ತೊಡಗುವುದು 1836ರಲ್ಲಿ. ನಡುವಿನ 15 ವರ್ಷ ಯಾರ ಆಳ್ವಿಕೆಯೂ ಇಲ್ಲದೆ ಕಳೆಯುತ್ತವೆ, ಜಗತ್ತಿಗೆ ವಿಶೇಷ ತೊಂದರೆಯಾದಂತೆ ಕಾಣುವುದಿಲ್ಲ. ಸರಣಿಯ ಕೊನೆಯ ಪಾಲು 'ಹಾರ್ಟ್ಸ್ ಆಫ್ ಐರನ್ 4' (2016). ಅದರ ಅರ್ಥವ್ಯವಸ್ಥೆ ಬಹುಮಟ್ಟಿಗೆ ನಾಗರಿಕ ಕಾರ್ಖಾನೆ ಮತ್ತು ಮಿಲಿಟರಿ ಕಾರ್ಖಾನೆಗಳಿಗೆ ಇಳಿದಿದೆ. ಬಿಡುಗಡೆಯಾದಾಗ ಅದರಲ್ಲಿದ್ದ ಸಂಪನ್ಮೂಲಗಳು ಆರು: ತೈಲ, ಅಲ್ಯೂಮಿನಿಯಂ, ರಬ್ಬರ್, ಟಂಗ್‌ಸ್ಟನ್, ಉಕ್ಕು, ಕ್ರೋಮಿಯಂ. ಮರಕ್ಕೆ ಅಲ್ಲಿ ಲೆಕ್ಕವಿಲ್ಲ.