ವಿಹಂಗಪ್ರಮಾಣನಿರ್ಣಯ

ವೈಶಾಖಮಾಸದ ಬಿಸಿಲಿನಲ್ಲಿ ಪಟ್ಟಣವಾಸಿಯಾದ ಗೃಹಸ್ಥನೊಬ್ಬನು ಮನೆಯ ಫ್ಯಾನಿನ ಗಾಳಿಯನ್ನು ತ್ಯಜಿಸಿ, ಕೊರಳಿಗೆ ದುರ್ಬೀನನ್ನೂ ಶಿರಸ್ಸಿಗೆ ಹಸುರು ಟೊಪ್ಪಿಗೆಯನ್ನೂ ಧರಿಸಿ, ದಾಂಡೇಲಿಯ ಅರಣ್ಯವನ್ನು ಹೊಕ್ಕು ಹಿಂದಿರುಗಿ, ‘ಹಕ್ಕಿಗಳನ್ನು ನೋಡಿ ಬಂದೆ’ ಎಂದು ನುಡಿದನಾದರೆ, ಆ ನುಡಿಗೆ ಆಧಾರವಾದ ಪ್ರಮಾಣ ಯಾವುದೆಂಬುದೇ ಪ್ರಕೃತ ವಿಚಾರಣೀಯವಾದ ವಿಷಯ. ಪ್ರತ್ಯಕ್ಷವೇ ಪ್ರಮಾಣವೆಂದು ಪಾಮರರು ಥಟ್ಟನೆ ಹೇಳಿಬಿಡುವರು. ಈ ಪ್ರಬಂಧದ ಪೂರ್ವಪಕ್ಷಿಯೂ ನಮ್ಮ ಸಹಪ್ರಯಾಣಿಕರೂ ಆದ ಭಾವನವರ ಮತವೂ ಅದೇ. ಪ್ರಮಾಣಗಳೆಲ್ಲವುಗಳಲ್ಲಿಯೂ ಕಾಡಿನಲ್ಲಿ ಪ್ರತ್ಯಕ್ಷವೇ ಅತ್ಯಂತ ದುರ್ಬಲವಾದುದೆಂದು ನಾವು ಸ್ಥಾಪಿಸಲಿದ್ದೇವೆ.

ಮೊದಲು ಕ್ಷೇತ್ರವಿಚಾರ. ಕಾಳೀನದಿಯ ಕೊಳ್ಳದ ಈ ಕಾಡು 1956ರಲ್ಲಿ ವನ್ಯಧಾಮವೆನಿಸಿತು. 2011ರಲ್ಲಿ ಮಂಗಟ್ಟೆ ಹಕ್ಕಿಗಳಿಗೆಂದೇ ಇಲ್ಲಿ ಪ್ರತ್ಯೇಕವಾದೊಂದು ಸಂರಕ್ಷಿತ ಪ್ರದೇಶವೂ ಏರ್ಪಟ್ಟಿತು. ಸೂಪಾ ಅಣೆಕಟ್ಟನ್ನು ಕಟ್ಟುವಾಗ ಸಿಡಿಮದ್ದನ್ನು ಶೇಖರಿಸಿಡಲು ಗಣೇಶಗುಡಿಯ ಬಳಿ ನಿರ್ಮಿಸಿದ್ದ ಉಗ್ರಾಣವು ಈಗ ಪಕ್ಷಿಪ್ರಿಯರ ತಂಗುದಾಣವಾಗಿದ್ದು, ಅಲ್ಲಿ ಸೀನಬಾರದು, ಕೆಮ್ಮಬಾರದು, ಬೆಂಚನ್ನು ಎಳೆಯಬಾರದು ಎಂಬ ವಿಧಿನಿಷೇಧಗಳು ಸಿಡಿಮದ್ದಿನ ಕಾಲದಲ್ಲಿ ಇದ್ದುದಕ್ಕಿಂತಲೂ ಕಠಿನವಾಗಿರುವುವೆಂದು ಊಹಿಸಲಡ್ಡಿಯಿಲ್ಲ. ಅಂಗಳದಲ್ಲಿ ನೀರು ತುಂಬಿದ ಬಟ್ಟಲುಗಳುಂಟು. ಬೇಸಗೆಯಲ್ಲಿ ಕಾಡಿನ ತೊರೆಗಳು ಬತ್ತಲು, ಕೆಂಪು ಕೊರಳಿನ ಪಿಕಳಾರಗಳೂ ನೆಲಸಿಳ್ಳಾರಗಳೂ ಅಲ್ಲಿಗೆ ಇಳಿದು, ಎದೆಯನ್ನು ಅದ್ದಿ, ರೆಕ್ಕೆಯನ್ನು ಪಟಪಟನೆ ಬಡಿದು, ಗರಿಗಳೆಲ್ಲ ಮುದ್ದೆಯಾಗಿ ತಮ್ಮ ಗಾತ್ರದ ಅರ್ಧಕ್ಕೆ ಕುಗ್ಗಿ ಕೊಂಬೆಗೆ ಹಾರುವುವು. ‘ಇದೋ ಪ್ರತ್ಯಕ್ಷ!’ ಎಂದರು ಭಾವನವರು. ಪರರ ಸ್ನಾನವನ್ನು ಇಣುಕಿ ನೋಡುವುದನ್ನು ಶಿಷ್ಟಾಚಾರವು ಒಪ್ಪದಾದುದರಿಂದ ಆ ಜ್ಞಾನವು ಸಿಂಧುವಲ್ಲವೆಂದು ನಾವು ಪರಿಹರಿಸಿದೆವು.

ಇನ್ನು ಕಾಡಿನೊಳಗಣ ಪ್ರತ್ಯಕ್ಷ. ಕಪ್ಪೆಬಾಯಿ ಎಂಬ ನಿಶಾಚರ ಪಕ್ಷಿಯು ಹಗಲೆಲ್ಲ ಬಿದಿರುಮೆಳೆಯಲ್ಲಿ ಒಣಗಿದೆಲೆಯ ಬಣ್ಣದಲ್ಲಿ ಅಲುಗಾಡದೆ ಕುಳಿತಿರುವುದು. ಮಾರ್ಗದರ್ಶಿಯಾದ ತರುಣನು ಬೆರಳು ಚಾಚಿ, ‘ಅಲ್ಲೈತಿ ನೋಡ್ರಿ ಸರ್, ಎರಡನೇ ಕೊಂಬಿ, ಬಲಕ್ಕ’ ಎಂದನು. ನಾವು ಬಹುಕಾಲ ಭಕ್ತಿಯಿಂದ ನೋಡಿದೆವು. ಹಗ್ಗದಲ್ಲಿ ಹಾವನ್ನು ಕಾಣುವುದು ಭ್ರಾಂತಿಯೆಂದು ವೇದಾಂತಿಗಳು ಸಾರಿರುವರಷ್ಟೆ. ಹಕ್ಕಿಯಲ್ಲಿ ಎಲೆಯನ್ನು ಕಂಡು, ಆ ಎಲೆಯಲ್ಲಿ ಸೌಜನ್ಯಕ್ಕಾಗಿ ಹಕ್ಕಿಯನ್ನು ಕಂಡಂತೆ ತಲೆದೂಗುವವನ ಅವಸ್ಥೆಯನ್ನು ಅವರು ವಿಚಾರಿಸದೆ ಬಿಟ್ಟಿರುವುದು ದರ್ಶನಶಾಸ್ತ್ರದ ಒಂದು ನ್ಯೂನತೆ. ಆ ಕ್ಷಣದಲ್ಲಿ ನಮಗುಂಟಾದ ಪಕ್ಷಿಜ್ಞಾನಕ್ಕೆ ಕಣ್ಣು ಕಾರಣವಲ್ಲ, ತರುಣನ ಆಪ್ತವಾಕ್ಯವೇ ಕಾರಣ. ಆದುದರಿಂದ ಶಬ್ದಪ್ರಮಾಣವೇ ಪ್ರಬಲ.

ಹಕ್ಕಿಯದೇ ಶಬ್ದವನ್ನು ನಂಬಬಹುದಲ್ಲವೇ ಎಂದರೆ, ಬಾರದು. ಕುಟ್ರುಹಕ್ಕಿಯು ಹಸುರೆಲೆಗಳ ನಡುವೆ ಹಸುರಾಗಿ ಅಡಗಿ ಬೇಸಗೆಯ ದಿನವೆಲ್ಲ ಕುಟ್ರೂ ಕುಟ್ರೂ ಎಂದು ಘೋಷಿಸುತ್ತಿರುವುದೇನೋ ನಿಜ. ಆದರೆ ಭೀಮರಾಜನೆಂಬ ಕಾಜಾಣವು ಬಾಲದ ತುದಿಯಲ್ಲಿ ಎರಡು ಬಿಲ್ಲೆಗಳನ್ನು ಜೋಲಾಡಿಸಿಕೊಂಡು ಪರಪಕ್ಷಿಗಳ ಕೂಗನ್ನು ಅನುಕರಿಸುತ್ತ, ಒಮ್ಮೊಮ್ಮೆ ಗಿಡುಗನ ದನಿಯನ್ನೂ ತೆಗೆದು, ಕೇಳುವವನ ಪಟ್ಟಿಯಲ್ಲಿ ಇಲ್ಲದ ಹಕ್ಕಿಗಳನ್ನು ಸೇರಿಸುವುದು. ಸಿಳ್ಳಾರವಂತೂ ಕೆಲಸವಿಲ್ಲದ ಹುಡುಗನು ಶಿಳ್ಳೆ ಹಾಕಿದಂತೆಯೇ ಹಾಡುವುದಾದುದರಿಂದ ಭಾವನವರು ಹಿಂದಿರುಗಿ ‘ಯಾರಯ್ಯಾ ಅದು!’ ಎಂದು ಗದರಿದರು.

ಉಪಮಾನದ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಗುಬ್ಬಚ್ಚಿಗಿಂತ ದೊಡ್ಡದು, ಗೊರವಂಕಕ್ಕಿಂತ ಚಿಕ್ಕದು ಎಂಬ ಮಾರ್ಗವನ್ನು 1941ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಸಲೀಂ ಅಲಿಯವರು ರೂಢಿಸಿಕೊಟ್ಟಿರುವರು. ಅದಕ್ಕೆ ಹಕ್ಕಿಯು ಕಾಣಬೇಕೆಂಬುದೊಂದೇ ತೊಡಕು.

ಅನುಮಾನವಾದರೋ ಸಮೃದ್ಧವಾದುದು. ಹೆಣ್ಣು ಮಂಗಟ್ಟೆಯು ಮರದ ಪೊಟರೆಯನ್ನು ಹೊಕ್ಕು, ಹಿಕ್ಕೆ ಮೊದಲಾದವುಗಳಿಂದ ಬಾಗಿಲನ್ನು ಮೆತ್ತಿ ಮುಚ್ಚಿ, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಉಳಿಸಿಕೊಂಡು, ಮೊಟ್ಟೆಯೊಡನೆ ವಾರಗಟ್ಟಲೆ ಬಂದಿಯಾಗಿರುವುದು. ಗಂಡು ಅತ್ತಿ, ಆಲ, ಬಸರಿಯ ಹಣ್ಣುಗಳನ್ನು ಗಂಟಲಿನಲ್ಲಿ ತುಂಬಿ ತಂದು ಒಂದೊಂದಾಗಿ ಕಕ್ಕಿ ಉಣಿಸುವುದು. ಆ ಮರದ ಬುಡದಲ್ಲಿ ಕಾಸರಕದ ಚಪ್ಪಟೆ ಬೀಜಗಳು, ಬೆಳ್ಳಿಯ ಗುಂಡಿಗಳನ್ನು ಚೆಲ್ಲಿದಂತೆ, ನಯವಾಗಿ ಮಿನುಗುತ್ತ ಬಿದ್ದಿದ್ದುವು. ವಿಷಬೀಜವನ್ನು ಉಗುಳಿ ತಿರುಳನ್ನು ಮಾತ್ರ ನುಂಗುವ ವಿವೇಕಿಯು ಮೇಲಿರಲೇಬೇಕೆಂದು, ಹೊಗೆಯಿಂದ ಬೆಂಕಿಯನ್ನು ಸಾಧಿಸುವ ಕ್ರಮದಲ್ಲಿಯೇ, ನಾವು ಸಾಧಿಸಿದೆವು. ಹೀಗೆ ನೆಲವನ್ನು ನೋಡುತ್ತ ಹೇತುವಾಕ್ಯವನ್ನು ಉಚ್ಚರಿಸುತ್ತಿದ್ದಾಗ ತಲೆಯ ಮೇಲೆ ಭುಸ್ ಭುಸ್ ಎಂದು ಮಹಾಶಬ್ದವಾಯಿತು. ದೊಡ್ಡ ಮಂಗಟ್ಟೆಯ ಹಾರುಗರಿಗಳ ಬುಡವನ್ನು ಒಳಗರಿಗಳು ಮುಚ್ಚದಿರುವುದರಿಂದ ಗಾಳಿಯು ಆ ಸಂದುಗಳಲ್ಲಿ ನುಗ್ಗಿ ಹೀಗೆ ಸದ್ದಾಗುವುದೆಂದು ನಾವು ವಿವರಿಸಿ ಮುಗಿಸುವಷ್ಟರಲ್ಲಿ ಸದ್ದು ಮರೆಯಾಗಿದ್ದಿತು.

ಹಗಲು ಉಣ್ಣದಿದ್ದರೂ ಕೊಬ್ಬಿರುವ ದೇವದತ್ತನು ರಾತ್ರಿ ಉಣ್ಣುತ್ತಿರಬೇಕೆಂದು ಮೀಮಾಂಸಕರು ಅರ್ಥಾಪತ್ತಿಯಿಂದ ನಿರ್ಣಯಿಸುವರು. ಕಣ್ಣಿಗೆ ಏನೂ ಬೀಳದಿದ್ದರೂ ಸಂಜೆಗೆ ನಮ್ಮ ಪಟ್ಟಿಯು ಪುಷ್ಟವಾಗಿದ್ದುದನ್ನೂ ಅದೇ ಮಾರ್ಗದಿಂದ ಸಮರ್ಥಿಸಬಹುದು. ನವರಂಗವನ್ನು ಮಾತ್ರ ನಾವು ಬರೆದುಕೊಳ್ಳಲಿಲ್ಲ. ಅದು ಬೇಸಗೆಯಲ್ಲಿ ಮರಿಮಾಡಲು ಉತ್ತರದ ಕಾಡುಗಳಿಗೆ ತೆರಳುವುದರಿಂದ, ಅದನ್ನು ಕಾಣದಿದ್ದುದು ಅನುಪಲಬ್ಧಿಪ್ರಮಾಣದಿಂದ ಸಿದ್ಧವಾದ ನಿರ್ದುಷ್ಟ ಜ್ಞಾನವೆನಿಸಿತು.

ಭಾವನವರು ಮರುದಿನ ಕಾಡಿಗೆ ಬರಲೊಲ್ಲದೆ ದಾಂಡೇಲಿಯ ಟಿಂಬರ್ ಡಿಪೋದ ಬಳಿ ಚಹಾ ಕುಡಿಯುತ್ತ ಕುಳಿತರು. ಎದುರಿನ ಮರದಲ್ಲಿ ಮೂರು ಮಂಗಟ್ಟೆಗಳು ಕೊಕ್ಕಿನ ಮೇಲಣ ಕಿರೀಟವೂ ಸ್ಪಷ್ಟವಾಗಿ ಕಾಣುವಂತೆ ಬಹಳ ಹೊತ್ತು ಕುಳಿತಿದ್ದುವೆಂದು ಅವರು ಈಗಲೂ ವಾದಿಸುವುದುಂಟು. ಅವರು ದುರ್ಬೀನನ್ನು ಧರಿಸಿರಲಿಲ್ಲವಾಗಿಯೂ, ಕೈಯಲ್ಲಿ ಚಹಾದ ಲೋಟವಿದ್ದುದಾಗಿ ಅವರೇ ಒಪ್ಪಿರುವುದರಿಂದಲೂ, ಆ ಮೂರನ್ನು ಪಟ್ಟಿಗೆ ಸೇರಿಸಿಕೊಳ್ಳಲಾಗಿಲ್ಲ.