ಆ ಲಿವರ್ ಒಮ್ಮೆ ಎತ್ತಿ ಮಾರಾಯ್ರೆ

ಕೂತು ಬರೆದು ಬರೆದು ಸೊಂಟ ಹಿಡಿದುಕೊಂಡಿತು. ಡಾಕ್ಟರು ಮಾತ್ರೆ ಕೊಡಲಿಲ್ಲ, ಕುರ್ಚಿ ಬದಲಿಸಿ ಅಂದರು. ಬೊಳುವಾರಿನಿಂದ ದರ್ಬೆಯ ವರೆಗೆ ಪುತ್ತೂರಿನ ಪೀಠೋಪಕರಣದ ಅಂಗಡಿಗಳಲ್ಲಿ ಕೂತೆದ್ದು ಬಂದೆ. ಎಲ್ಲದಕ್ಕೂ ‘ಎರ್ಗೊನೊಮಿಕ್’ ಅಂತ ಚೀಟಿ. ದೇವರಾಣೆ, ಒಂದು ಸ್ಟೂಲಿಗೂ ಇತ್ತು. ಮಾರುವವರನ್ನು ಕೇಳುವುದಕ್ಕಿಂತ ಅನುಭವಸ್ಥ ಕುರ್ಚಿಯನ್ನೇ ಕೇಳುವುದು ವಾಸಿ ಅನ್ನಿಸಿತು.

ಸಿಕ್ಕಿದ್ದು ಕಡಬ ತಾಲೂಕಿನ ಆಲಂಕಾರಿನಿಂದ ಸ್ವಲ್ಪ ಒಳಗೆ, ನೆಂಟರ ಮನೆಯ ಜಗಲಿಯಲ್ಲಿ. 2020ರಲ್ಲಿ ಮನೆಯಿಂದಲೇ ಕೆಲಸ ಅಂತ ಊರಿಗೆ ಬಂದ ಮೊಮ್ಮಗನಿಗೆ ತರಿಸಿದ ಕುರ್ಚಿ. ಕಂಪೆನಿ ವಾಪಸು ಕರೆದಾಗ ಅವ ಬೆಂಗಳೂರಿಗೆ ಹೋದ, ಇದು ಉಳಿಯಿತು. ನಾನು ಹೋದಾಗ ಅದರ ಮೇಲೆ ಎರಡು ದಿನದ ಪೇಪರು, ಒಂದು ಟಾರ್ಚು, ಒಂದು ಬೆಕ್ಕು. ಜಗಲಿಯ ಆಚೆ ತುದಿಯಲ್ಲಿ ಒಬ್ಬ ಹೆಂಗಸು ಅಡಿಕೆ ಸುಲಿಯುತ್ತಿದ್ದರು. ಬೆಕ್ಕನ್ನು ಎಬ್ಬಿಸಿ ಮಾತು ಶುರು ಮಾಡಿದೆ.

ನಾನು: ಹೇಗಿದ್ದೀರಿ?

ಕುರ್ಚಿ: ಬಂದ ದಿನ ಯಾವ ಎತ್ತರದಲ್ಲಿ ಇದ್ದೆನೋ ಅದೇ ಎತ್ತರದಲ್ಲಿ ಇದ್ದೇನೆ. ಸೀಟಿನ ಬಲಬದಿಯಲ್ಲಿ, ಅಡಿಗೆ, ಒಂದು ಲಿವರ್ ಉಂಟು. ಕಾಣ್ತದಾ? ಇಷ್ಟು ವರ್ಷದಲ್ಲಿ ಒಬ್ಬರೂ ಅದನ್ನು ಎತ್ತಲಿಲ್ಲ. ಅಜ್ಜ ಕೂತರೆ ಕಾಲು ನೆಲಕ್ಕೆ ಎಟುಕುವುದಿಲ್ಲ, ಬಸ್ಸಿನ ಬೋನೆಟ್ ಮೇಲೆ ಕೂರಿಸಿದ ಮಗುವಿನ ಹಾಗೆ ನೇತಾಡ್ತದೆ. ಮೊಮ್ಮಗ ಆರಡಿ, ಅವನಿಗೆ ನಾನು ಗಿಡ್ಡ. ಇಬ್ಬರಿಗೂ ಒಂದೇ ಅಳತೆ, ರೇಷನ್ ಅಕ್ಕಿಯ ಹಾಗೆ.

ನಾನು: ನಿಮ್ಮ ಹೊದಿಕೆ ಎದ್ದು ಬರ್ತಾ ಉಂಟಲ್ಲ?

ಕುರ್ಚಿ: ಲಿವರಿನ ಪಕ್ಕದಲ್ಲಿ ಒಂದು ಗುಂಡು ತಿರುಪು ಉಂಟು. ಎಷ್ಟು ಒರಗಿದರೆ ಎಷ್ಟು ತಡೆಯಬೇಕು ಅಂತ ಹೊಂದಿಸ್ಲಿಕ್ಕೆ. ಅದನ್ನು ಇವರು ಸ್ಕ್ರೂ ಸಡಿಲ ಆದದ್ದು ಅಂದುಕೊಂಡು ಪೂರ್ತಿ ಬಿಗಿ ಮಾಡಿ ಇಟ್ಟಿದ್ದಾರೆ.

ನಾನು: ಹೊದಿಕೆ ಕೇಳಿದೆ. ಸುಬ್ರಹ್ಮಣ್ಯದ ಸೀಮೆ ಅಂತ ಪೊರೆ ಬಿಡ್ತಿದ್ದೀರಾ?

ಕುರ್ಚಿ: ಲೆದರ್ ಅಂತ ಹೇಳಿ ಮಾರಿದ್ದು. ಬಟ್ಟೆಯ ಮೇಲೆ ಪಾಲಿಯುರೆಥೇನ್ ಬಳಿದದ್ದು ಅದು. ನಿಮ್ಮ ಆಟಿ ತಿಂಗಳ ತಂಡಿಗೆ ಗೋಡೆಯೇ ಬೆವರ್ತದೆ, ಇದು ಪುಡಿಯಾಗದೆ ಎಂತ ಮಾಡ್ತದೆ? ಈ ಊರಿಗೆ ಜಾಲರಿ ಬೆನ್ನಿನ ಕುರ್ಚಿ ಆಗ್ಬೇಕು, ಗಾಳಿ ಆಡ್ತದೆ, ಬೂಸಲು ಹಿಡಿಯುವುದಿಲ್ಲ. ಹೋಗ್ಲಿ, ಲಿವರಿನ ವಿಷಯಕ್ಕೆ ಬನ್ನಿ.

ನಾನು: ಅದಕ್ಕೆ ಮೊದಲು, ಪುತ್ತೂರು ಜಿಲ್ಲೆ ಆಗಬೇಕೆಂಬ ಬೇಡಿಕೆ ಬಗ್ಗೆ ನಿಮ್ಮ ಅಭಿಪ್ರಾಯ?

ಕುರ್ಚಿ: ಎಂತದ್ದು?

ನಾನು: ಸುಬ್ರಹ್ಮಣ್ಯದವ ಜಿಲ್ಲಾಧಿಕಾರಿಯನ್ನು ಕಾಣಬೇಕಾದರೆ ಮಂಗಳೂರಿಗೆ ಸುಮಾರು 100 ಕಿಲೋಮೀಟರು. ಪುತ್ತೂರಿನಲ್ಲಿ ಸಹಾಯಕ ಆಯುಕ್ತರು ಹೇಗೂ ಇದ್ದಾರೆ. 1997ರಲ್ಲಿ ಉಡುಪಿ ಬೇರೆ ಜಿಲ್ಲೆ ಆಯಿತು. ನಮಗೆಂತ ಕಡಿಮೆ?

ಕುರ್ಚಿ: ನಾನು ಬೆನ್ನಿನ ಕುರ್ಚಿ ಸ್ವಾಮಿ. ಆಡಳಿತದ ಕುರ್ಚಿಯದ್ದು ಬೇರೆ ಪಂಗಡ. ಅದಕ್ಕೊಂದು ಬಿಳಿ ಟವೆಲ್ ಹೊದೆಸಿದರೆ ಆಯಿತು, ಸೊಂಟಕ್ಕೆ ಆಸರೆ ಬೇಡ, ಹಿಡ್ಕೊಂಡು ಕೂರುವವರಿಗೆ ನೋವೂ ಗೊತ್ತಾಗುವುದಿಲ್ಲ. ನಿಮಗೆ ಕುರ್ಚಿ ಬೇಕಾ, ಜಿಲ್ಲೆ ಬೇಕಾ?

ನಾನು: ಸದ್ಯಕ್ಕೆ ಕುರ್ಚಿ. ಹೇಗೆ ನೋಡಿ ತೆಗೆಯುವುದು?

ಕುರ್ಚಿ: ಅಂಗಡಿಯಲ್ಲಿ ಎರಡು ನಿಮಿಷ ಕೂತರೆ ಎಲ್ಲ ಕುರ್ಚಿಯೂ ಸುಖವೇ, ಹತ್ತು ನಿಮಿಷ ಕೂರಿ. ಪಾದ ಪೂರ್ತಿ ನೆಲದಲ್ಲಿ ಇರಬೇಕು. ಬೆನ್ನು ಒರಗಿಸಿ ಕೂತಾಗ ಮೊಣಕಾಲಿನ ಹಿಂದುಗಡೆಗೂ ಸೀಟಿನ ಅಂಚಿಗೂ ನಡುವೆ ಎರಡು ಮೂರು ಬೆರಳು ಹೋಗಬೇಕು. ಹೋಗದಿದ್ದರೆ ಆ ಸೀಟು ನಿಮಗೆ ಉದ್ದ ಆಯಿತು, ಬಿಟ್ಟುಬಿಡಿ. ಬೆನ್ನಿನ ಉಬ್ಬು ಬರಬೇಕಾದ್ದು ಸೊಂಟದ ಒಳಬಾಗಿಗೆ. ಭುಜದ ಹತ್ತಿರ ಬಂದರೆ ಅದು ಚಂದಕ್ಕೆ ಇಟ್ಟದ್ದು. ಕೈ ಇಡುವ ಜಾಗ ಭುಜವನ್ನು ಮೇಲಕ್ಕೆ ನೂಕಬಾರದು. ಮತ್ತೆ, ನೆಟ್ಟಗೆ 90 ಡಿಗ್ರಿ ಕೂರಿ ಅಂತ ಶಾಲೆಯ ಮಾಸ್ಟ್ರು ಹೇಳಿದ್ದನ್ನು ಮರೆತುಬಿಡಿ. 100, 110ಕ್ಕೆ ಒರಗಿದರೆ ಬೆನ್ನಿಗೆ ಹಿತ. ಇದೆಲ್ಲ ಮಾಡಿದ ಮೇಲೂ ಅರ್ಧ ಗಂಟೆಗೊಮ್ಮೆ ಎದ್ದು ನಡೀಬೇಕು. ಹೆಚ್ಚು ಹೊತ್ತು ನನ್ನ ಮೇಲೆ ಕೂರಬೇಡಿ ಅಂತ ನಾನೇ ಹೇಳುವುದು, ನೋಡಿ.

ನಾನು: ಬಹಳ ಪ್ರಾಮಾಣಿಕರು. ನಿಮ್ಮ ಕ್ರಯ ಎಷ್ಟಾಗಿತ್ತು?

ಕುರ್ಚಿ: ನಮ್ಮ ವಂಶದ ದೊಡ್ಡವರ ಹೆಸರು ಏರಾನ್. 1994ರಲ್ಲಿ ಅಮೆರಿಕದ ಹರ್ಮನ್ ಮಿಲ್ಲರ್ ಕಂಪೆನಿ ತಂದದ್ದು. ಬಿಲ್ ಸ್ಟಂಫ್, ಡಾನ್ ಚಾಡ್ವಿಕ್ ಅಂತ ಇಬ್ಬರು ಮಾಡಿದ್ದು. ಅದಕ್ಕೆ ಮೊದಲು ಅವರು ಯೋಚಿಸ್ತಾ ಇದ್ದದ್ದು ಯಾರಿಗೆ ಗೊತ್ತುಂಟಾ? ಮುದುಕರಿಗೆ. ದಿನವಿಡೀ ಕೂತೇ ಇರಬೇಕಾದ ವಯಸ್ಸಾದವರ ಮೈ ಬೇಯಬಾರದು, ಹುಣ್ಣಾಗಬಾರದು ಅಂತ. ಕೊನೆಗೆ ಅದು ಹೋಗಿ ಕೂತದ್ದು ಕಂಪ್ಯೂಟರಿನ ಎಳೆ ಹುಡುಗರ ಅಡಿಗೆ.

ನಾನು: ತಾಲೂಕು ಒಂದು ಕಡೆ, ಕಚೇರಿ ಇನ್ನೊಂದು ಕಡೆ ಅಂತ ಆಯಿತಲ್ಲ! ಕಡಬದ ಹೆಸರು 2013ರ ಬಜೆಟಿನಲ್ಲಿ ಬಂದರೂ ಜನ ಎಷ್ಟು ವರ್ಷ ಕಾದರು ನೋಡಿ. ಜಿಲ್ಲೆಯದ್ದೂ ಹಾಗೇ...

ಕುರ್ಚಿ: ಪುನಃ ಜಿಲ್ಲೆ! ಅದಕ್ಕೇ ನಿಮಗೆ ಸೊಂಟ ನೋಯುವುದು. ಪುತ್ತೂರಿನಲ್ಲಿ ಅಷ್ಟು ಕುರ್ಚಿ ನೋಡಿದಿರಲ್ಲ, ತೋರಿಸಿದ್ದು ಯಾರು?

ಇಲ್ಲಿ ನಾನು ಸ್ವಲ್ಪ ತಡವರಿಸಿದೆ. ತೋರಿಸಿದ್ದು ಒಬ್ಬಳು ಹುಡುಗಿ, ಇಪ್ಪತ್ತು ಇಪ್ಪತ್ತೆರಡು ಇರಬಹುದು. ಹನ್ನೊಂದು ಕುರ್ಚಿಯಲ್ಲಿ ನಾನು ಕೂತೆ, ಹನ್ನೊಂದು ಸಲವೂ ಅವಳು ಪಕ್ಕದಲ್ಲಿ ನಿಂತಿದ್ದಳು, ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸುತ್ತಾ. ಇದರಲ್ಲಿ ಒಳ್ಳೆಯದು ಯಾವುದಮ್ಮ, ನಿನಗೆ ಯಾವುದು ಆರಾಮ ಅಂತ ಕೇಳಿದೆ. ಅವಳು ಗೋಡೆ ಮೂಲೆಯ ಕ್ಯಾಮೆರಾ ಕಡೆ ಒಮ್ಮೆ ನೋಡಿ, “ನಾನು ಕೂತು ನೋಡ್ಲಿಲ್ಲ ಸಾರ್” ಅಂದಳು.

ನೂರು ಕುರ್ಚಿಯ ಅಂಗಡಿ. ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟರ ವರೆಗೆ ಆ ಹುಡುಗಿಗೆ ಅದರಲ್ಲಿ ಒಂದೂ ಇಲ್ಲ. ತಮಾಷೆ ಮಾಡಲು ಕೂತವ ನಾನು, ಆದರೆ ಇದಕ್ಕೆ ನಗು ಬರುವುದಿಲ್ಲ. ಬಟ್ಟೆ ಅಂಗಡಿಗಳಿಗೂ ಹೋಗಿ ನೋಡಿ. ಗಿರಾಕಿ ಇಲ್ಲದ ಮಧ್ಯಾಹ್ನವೂ ಸೀರೆಯ ಅಟ್ಟಿಗೆ ಬೆನ್ನು ಕೊಟ್ಟು ನಿಂತೇ ಇರುತ್ತಾರೆ. ಕೂತರೆ ಗಿರಾಕಿಗೆ ಮರ್ಯಾದೆ ಕಡಿಮೆಯಂತೆ. ಯಾವ ಗಿರಾಕಿ ಹಾಗೆ ಕೇಳಿದ? ನಾನಂತೂ ಕೇಳಲಿಲ್ಲ. ಕೋಝಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿಗಳ ಹೆಂಗಸರು ವರ್ಷಗಟ್ಟಲೆ ಹೋರಾಡಿದ ಮೇಲೆ ಕೇರಳ 2018ರಲ್ಲಿ, ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಕೂರಲು ಜಾಗ ಕೊಡಲೇಬೇಕು ಅಂತ ಕಾನೂನು ತಿದ್ದಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಕಾರ್ಖಾನೆಯಲ್ಲಿ ನಿಂತು ದುಡಿಯುವವರಿಗೆ ಅವಕಾಶ ಸಿಕ್ಕಾಗ ಕೂರುವ ವ್ಯವಸ್ಥೆ ಇರಬೇಕು ಅಂತ 1948ರ ಫ್ಯಾಕ್ಟರಿ ಕಾಯಿದೆಯಲ್ಲೇ ಇತ್ತು, 44ನೇ ಕಲಮು. ಸುಳ್ಯದ ಜಾಲ್ಸೂರಿನಿಂದ ಕಾಸರಗೋಡಿನ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಕೇರಳ. ಅಲ್ಲಿ ಸ್ಟೂಲು ಕೇಳುವುದಕ್ಕೆ ಒಂದು ಕಾನೂನಾದರೂ ಹಿಡಿದು ತೋರಿಸಬಹುದು. ಕಾಲು ಮಾತ್ರ ಗಡಿಯ ಎರಡೂ ಕಡೆ ಒಂದೇ ನಮೂನೆ ಊದುತ್ತದೆ.

ಕುರ್ಚಿ: ನೀವು ಅಂಗಡಿಯವನಿಗೆ ಏನಾದರೂ ಹೇಳಿದಿರಾ?

ನಾನು: ಇಲ್ಲ. ಹತ್ತು ಪರ್ಸೆಂಟ್ ಡಿಸ್ಕೌಂಟ್ ಕೇಳಿದೆ.

ಕುರ್ಚಿ: ಹಾಂ. ಈಗ ಆಚೆ ತಿರುಗಿ. ಅವರು ಬೆಳಿಗ್ಗೆ ಎಂಟೂವರೆಗೆ ಬಂದದ್ದು. ಕೂತದ್ದು ನಾಲ್ಕು ಬೆರಳು ಎತ್ತರದ ಮಣೆ. ಮುಂದೆ ಸುಲಿಯುವ ಕತ್ತಿ. ಬಲಕ್ಕೆ ರಾಶಿ, ಎಡಕ್ಕೆ ಗೋಣಿ. ಅಡಿಕೆ ಎತ್ತುವುದು, ಕತ್ತಿಗೆ ಒತ್ತುವುದು, ಸಿಪ್ಪೆ ಬಿಡಿಸುವುದು, ಬಿಸಾಡುವುದು. ಒಂದೊಂದಕ್ಕೂ ಸೊಂಟ ಒಮ್ಮೆ ಬಾಗಿ ಎದ್ದಾಗಬೇಕು. ಲೆಕ್ಕ ಕಿಲೋದ ಮೇಲೆ, ಹಾಗಾಗಿ ಅರ್ಧ ಗಂಟೆಗೊಮ್ಮೆ ಎದ್ದು ನಡಿಯಿರಿ ಅಂತ ನಾನು ಹೇಳಿದರೆ ನಗ್ತಾರೆ. ಸ್ವೀಡನ್ನಿನ ನಾಕೆಮ್ಸನ್ ಅಂತ ಒಬ್ಬ ಡಾಕ್ಟರು ಬೆನ್ನುಮೂಳೆಯ ನಡುವೆಯೇ ಸೂಜಿ ಇಟ್ಟು ಒತ್ತಡ ಅಳೆದಿದ್ದ. ನಿಂತಾಗ 100 ಅಂತ ಇಟ್ಟುಕೊಂಡರೆ ಆಸರೆ ಇಲ್ಲದೆ ಕೂತಾಗ 140, ಮುಂದಕ್ಕೆ ಬಾಗಿ ಕೂತರೆ 185ರ ಹತ್ತಿರ. ಆಮೇಲೆ ಬಂದವರು ಅಂಕೆಯನ್ನು ತಿದ್ದಿದ್ದಾರೆ, ಇರಲಿ, ಈ ಹೆಂಗಸಿನ ಬೆನ್ನನ್ನು ತಿದ್ದಿದವರಿಲ್ಲ. ಮನೆಗೆ ಹೋದ ಮೇಲೆ ಬೀಡಿಯ ತಡ್ಪೆ ತೊಡೆಯ ಮೇಲೆ. ಅದೂ ಬಾಗಿಯೇ.

ನಾನು: ನಿಮ್ಮ ಮೇಲೆ ಕೂರಬಹುದಿತ್ತಲ್ಲ?

ಕುರ್ಚಿ: ಕತ್ತಿ ನೆಲದಲ್ಲಿ ಇರುವಾಗ ನಾನು ಯಾವ ಉಪಕಾರಕ್ಕೆ? ಕತ್ತಿಯನ್ನು ಒಂದು ಮೇಜಿನ ಎತ್ತರಕ್ಕೆ ಏರಿಸಿದರೆ ಆಗ ನಾನು ಆಗ್ತೇನೆ. ಅದನ್ನು ಯಾರೂ ಆಲೋಚನೆ ಮಾಡಲಿಲ್ಲ. ಊಟದ ಹೊತ್ತಿಗೆ ಒಮ್ಮೆ ಕೂರ್ಲಿಕ್ಕೆ ಬಂದಿದ್ದರು. ಅಜ್ಜ, ಧೂಳಾಗ್ತದೆ, ಮೊಮ್ಮಗನದ್ದು ಅಂದರು. ಆ ಮೇಲೆ ಬಂದದ್ದು ಬೆಕ್ಕು. ಅದಕ್ಕೆ ಯಾರೂ ಏನೂ ಹೇಳಲಿಲ್ಲ.

ಅಷ್ಟರಲ್ಲಿ ಘಟ್ಟದ ಕಡೆಯಿಂದ ಗುಡುಗಿತು. ನೋಡುತ್ತಿದ್ದ ಹಾಗೆ ಇರಚಲು ಜಗಲಿಯ ಒಳಗೇ ಹೊಡೆಯಲು ಶುರು. ಅಜ್ಜ ಒಳಗಿನಿಂದ “ಗೋಣಿ, ಗೋಣಿ” ಅಂತ ಕೂಗಿದರು. ಆ ಹೆಂಗಸು ಕೈಯನ್ನು ಸೊಂಟಕ್ಕೆ ಕೊಟ್ಟು ಎರಡು ಕಂತಿನಲ್ಲಿ ಎದ್ದರು. ಸುಲಿದ ಅಡಿಕೆಯ ಗೋಣಿಯನ್ನು ಒಮ್ಮೆ ನೋಡಿದರು, ಕುರ್ಚಿಯನ್ನು ಒಮ್ಮೆ ನೋಡಿದರು. ಪೇಪರು, ಟಾರ್ಚು ನನ್ನ ಕೈಗೆ ಕೊಟ್ಟು, ಗೋಣಿಯನ್ನು ಸೀಟಿಗೆ ಏರಿಸಿ ಕೆಂಪು ನೆಲದ ಮೇಲೆ ತಳ್ಳಿಕೊಂಡು ಹೊರಟರು. ಐದು ಚಕ್ರವೂ ಸಲೀಸಾಗಿ ಓಡಿದವು. ಹೊಸ್ತಿಲ ಹತ್ತಿರ ಗೋಣಿಯ ಬಾಯಿಯ ಹುರಿ ಲಿವರಿಗೆ ಸಿಕ್ಕಿಕೊಂಡಿತು. ಅವರು ಮೇಲಕ್ಕೆ ಎಳೆದರು.

ಸುಯ್ ಅಂತ ಕುರ್ಚಿ ಮೆಲ್ಲ ಕೆಳಗಿಳಿಯಿತು.

“ಇದು ಇಳೀತದಾ!” ಅಂದರು ಅವರು, ಗೋಣಿಯನ್ನು ಎತ್ತದೆಯೇ ಒಳಗೆ ಜಾರಿಸುತ್ತಾ.