ರ‍್ಯಾಮ್ ಸಾಲಾವಳಿ ಪ್ರಕರಣ

ಮನೆಯಲ್ಲೇ ಕಂಪ್ಯೂಟರ್ ಜೋಡಿಸಲು ಹೊರಟ ಗೃಹಸ್ಥನು ಮೊದಲು ಮದರ್‌ಬೋರ್ಡಿನ ಕುಲಗೋತ್ರ ವಿಚಾರಿಸತಕ್ಕದ್ದು. ಮನುಷ್ಯರ ಮದುವೆಯಲ್ಲಿ ಸಗೋತ್ರ ನಿಷಿದ್ಧ. ಇಲ್ಲಿ ಸಗೋತ್ರವೇ ವಿಹಿತ. ಡಿಡಿಆರ್4 ಬೋರ್ಡಿಗೆ ಡಿಡಿಆರ್4 ರ‍್ಯಾಮೇ ಗತಿ. ಇಂಟೆಲ್‌ನ 12ನೇ ತಲೆಮಾರಿನ ಪ್ರೊಸೆಸರ್ ಡಿಡಿಆರ್5ಕ್ಕೂ ಒಪ್ಪುತ್ತದಲ್ಲ ಎಂದು ತಕರಾರು ತೆಗೆಯುವವರುಂಟು. ಹುಡುಗ ಒಪ್ಪಿದರಾಯಿತೆ, ಮನೆಯವರು ಒಪ್ಪಬೇಡವೆ? ಬೋರ್ಡು ಸಾಮಾನ್ಯವಾಗಿ ಎರಡರಲ್ಲಿ ಒಂದಕ್ಕೇ ಜಾಗ ಕೊಟ್ಟಿರುತ್ತದೆ. ಎರಡು ರ‍್ಯಾಮಿಗೂ ಪಿನ್ನುಗಳು 288, ಆದರೆ ನಡುವಿನ ಕಚ್ಚು ಬೇರೆ ಬೇರೆ ಕಡೆ. ‘ಸ್ವಲ್ಪ ಒತ್ತಿದರೆ ಕೂರುತ್ತದೆ’ ಎಂಬ ಬಲಪ್ರಯೋಗವಾದಿಗಳ ಮತವನ್ನು ಮುರಿದ ಸ್ಲಾಟೇ ಖಂಡಿಸುತ್ತದೆ.

ವೋಲ್ಟೇಜು ವಂಶಪಾರಂಪರ್ಯವಾಗಿ ಇಳಿಯುತ್ತಾ ಬಂದಿದೆ. ಮೊದಲ ಡಿಡಿಆರ್‌ಗೆ 2.5, ಎರಡನೆಯದಕ್ಕೆ 1.8, ಆಮೇಲೆ 1.5, 1.2, ಐದನೆಯದಕ್ಕೆ 1.1. ಕಿರಿಯರು ಕಡಿಮೆ ಉಂಡು ಹೆಚ್ಚು ಓಡುತ್ತಾರೆ. (ಇದು ಮನುಷ್ಯಕುಲಕ್ಕೆ ಅನ್ವಯಿಸದು.)

ಇನ್ನು ಜಾತಕ. ಪ್ರತಿ ರ‍್ಯಾಮಿನ ಮೇಲೂ ಎಸ್‌ಪಿಡಿ ಎಂಬ ಪುಟ್ಟ ಚಿಪ್ ಇದ್ದು, ವೇಗ, ಟೈಮಿಂಗ್, ವೋಲ್ಟೇಜು ಎಲ್ಲವೂ ಅದರಲ್ಲಿ ಬರೆದಿರುತ್ತವೆ. ಗುಂಡಿ ಒತ್ತಿದೊಡನೆ ಬಯಾಸ್ ಪುರೋಹಿತರು ಅದನ್ನೋದಿ, ಯಾರಿಗೂ ತೊಂದರೆಯಾಗದ ಸಾಧು ಮುಹೂರ್ತವೊಂದನ್ನು ಇಟ್ಟುಬಿಡುತ್ತಾರೆ. ಆದಕಾರಣ ಡಬ್ಬಿಯ ಮೇಲೆ 3200 ಎಂದು ಅಚ್ಚಾದ ಡಿಡಿಆರ್4 ರ‍್ಯಾಮ್ ಎಷ್ಟೋ ಮನೆಗಳಲ್ಲಿ 2133ರ ವೇಗದಲ್ಲೇ, 1.2 ವೋಲ್ಟಿನಲ್ಲೇ ವರ್ಷಗಟ್ಟಲೆ ಸಂಸಾರ ಮಾಡುತ್ತಿದೆ. ದುಡ್ಡು ಕೊಟ್ಟದ್ದು ಮಾತ್ರ 3200ಕ್ಕೆ. ಯಜಮಾನನು ಬಯಾಸ್ ಹೊಕ್ಕು ಎಕ್ಸ್‌ಎಂಪಿ ಎಂಬ ಎರಡನೇ ಜಾತಕ ಬಿಚ್ಚಿಸಿದರಷ್ಟೇ 1.35 ವೋಲ್ಟು ಸಿಕ್ಕಿ, ಆಡಿದ ಮಾತು ನಡೆಯುತ್ತದೆ. ಡಿಡಿಆರ್5ರ ಕಾಲದಲ್ಲಿ ಎಎಂಡಿ ಪಂಗಡದವರು ಇದನ್ನೇ ಎಕ್ಸ್‌ಪೋ ಎನ್ನುತ್ತಾರೆ. ಮಂತ್ರ ಬೇರೆ, ತಾಳಿ ಒಂದೇ.

ಪೂರ್ವಪಕ್ಷ: ಇಷ್ಟಕ್ಕೇ ಇಷ್ಟು ಓಡಿದರೆ, ವೋಲ್ಟೇಜು ಏರಿಸುತ್ತಾ ಹೋದರೆ ಇನ್ನೆಷ್ಟು ಓಡೀತು? ಸಿದ್ಧಾಂತ: ರ‍್ಯಾಮ್ ತಡೆದುಕೊಂಡೀತು, ಪ್ರೊಸೆಸರಿನೊಳಗೆ ಕೂತ ಮೆಮೊರಿ ಕಂಟ್ರೋಲರ್ ತಡೆಯದು. 2008ರಲ್ಲಿ ಮೊದಲ ಕೋರ್ ಐ7 ಬಂದಾಗ ಇಂಟೆಲ್ ಈ ಕಂಟ್ರೋಲರನ್ನು ಬೋರ್ಡಿನಿಂದ ಪ್ರೊಸೆಸರಿನ ಒಳಮನೆಗೆ ತಂದಿತು. ಜೊತೆಗೇ, ಡಿಡಿಆರ್3ಕ್ಕೆ 1.65 ದಾಟಬಾರದೆಂಬ ಕಟ್ಟಪ್ಪಣೆಯೂ ಹೊರಟಿತು. ಸೊಸೆಗೆ ಬಡಿಸಿದ್ದು ಅತ್ತೆಗೆ ಅಜೀರ್ಣವಾಗುವ ಮನೆತನವಿದು.

ಡಿಡಿಆರ್5 ಹಾಕಿ ಮೊದಲ ಸಲ ಆನ್ ಮಾಡಿದಾಗ ಪರದೆ ಹಲವು ನಿಮಿಷ ಕಪ್ಪಗೇ ಇರುವುದುಂಟು. ಪರಸ್ಪರ ಪರಿಚಯದ ಕಾಲವದು. ಸ್ಕ್ರೂಡ್ರೈವರ್ ಹಿಡಿದು ನಡುವೆ ಹೋಗಕೂಡದು.

ವಿವಾದ ಉಳಿದಿರುವುದು ಒಂದು: ಒಂದೇ ಕಂಪನಿಯ, ಒಂದೇ ಮಾಡೆಲಿನ ಎರಡು ರ‍್ಯಾಮುಗಳನ್ನು ಬೇರೆ ಬೇರೆ ದಿನ ತಂದರೆ ಕೂಡಿಬರುತ್ತದೆಯೆ? ಲೇಬಲ್ ಒಂದೇ ಆದರೂ ಒಳಗಿನ ಚಿಪ್‌ಗಳು ಬೇರೆಯವರವು ಇರಬಹುದು, ಬೇಡ ಎಂದು ಒಂದು ಪಕ್ಷ. ನಿಧಾನದ್ದಕ್ಕೆ ಚುರುಕಿನದು ಹೊಂದಿಕೊಂಡು ಹೋಗುತ್ತದೆ, ಆಗಲಿ ಎಂದು ಇನ್ನೊಂದು. ಬೆಂಗಳೂರು ಎಸ್‌.ಪಿ. ರಸ್ತೆಯ ಭಾಷ್ಯಕಾರರು ಕ್ಯಾಲ್ಕುಲೇಟರಿನಿಂದ ತಲೆ ಎತ್ತದೆಯೇ ಇದನ್ನು ಬಗೆಹರಿಸುತ್ತಾರೆ: “ಒಂದೇ ಪ್ಯಾಕಿಂದು ಜೋಡಿ ತಗೊಂಡ್ಬಿಡಿ ಸಾರ್. ಬಿಲ್ ಬೇಕಾ, ಬೇಡ್ವಾ?”